ಇಟಲಿಯ ಹಳೇ ದ್ರಾಕ್ಷಿ ಎಸ್ಟೇಟ್: ಮುಂಗಡ ಕೊಡುವ ಮುನ್ನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು, ಅಳಿಯ ಮಿಲಾನ್‌ನಲ್ಲಿ ಕೆಲಸದಲ್ಲಿದ್ದಾರೆ. ಟಸ್ಕನಿಯ ಕಿಯಾಂತಿ ಸೀಮೆಯಲ್ಲಿ 12 ಹೆಕ್ಟೇರಿನ ಹಳೇ ಎಸ್ಟೇಟ್ ಒಂದು ಮಾರಾಟಕ್ಕಿದೆ. 5 ಹೆಕ್ಟೇರ್ ದ್ರಾಕ್ಷಿ, ಉಳಿದದ್ದು ಆಲಿವ್ ಮತ್ತು ಕಾಡು. ನಡುವೆ ದೊಡ್ಡ ಮನೆ, ವೈನ್ ಇಡುವ ನೆಲಮಾಳಿಗೆ, ಪುಟ್ಟ ಚರ್ಚು. ನಾನು, ನನ್ನ ಹೆಂಡತಿ, ನನ್ನ ತಮ್ಮ ಪಾಲು ಹಾಕಿ ಮಗಳ ಜೊತೆ ಕೊಳ್ಳುವ ಯೋಚನೆ. ಇಲ್ಲಿಂದ ಹಣ ಕಳಿಸಲು ಅವಕಾಶವಿದೆಯೇ? ಬ್ಯಾಂಕ್ ಸಾಲ ಸಿಗುತ್ತದೆಯೇ?
– ದ್ರಾಕ್ಷಿ ಬೆಳೆಗಾರರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಅವಕಾಶವಿದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಉದಾರೀಕೃತ ಹಣ ರವಾನೆ) ಯೋಜನೆಯಲ್ಲಿ ಭಾರತದಲ್ಲಿ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆ ಹಣದಲ್ಲಿ ವಿದೇಶದಲ್ಲಿ ಸ್ಥಿರಾಸ್ತಿ ಕೊಳ್ಳಬಹುದು. ನೀವು ಮೂವರೂ ನಿಮ್ಮ ನಿಮ್ಮ ಮಿತಿಯನ್ನು ಒಟ್ಟುಗೂಡಿಸಿಕೊಳ್ಳಬೇಕಾದರೆ ಮೂವರ ಹೆಸರೂ ಕ್ರಯಪತ್ರದಲ್ಲಿ ಪಾಲುದಾರರಾಗಿ ಬರಬೇಕು. ಹಣ ಕಳಿಸಿದ್ದು ತಮ್ಮ, ಹೆಸರು ಅಣ್ಣನದು ಎಂಬ ವ್ಯವಸ್ಥೆ ನಡೆಯುವುದಿಲ್ಲ. ವಿದೇಶದಲ್ಲಿ ನೆಲೆಸಿರುವ ಮಗಳ ಜೊತೆ ಜಂಟಿಯಾಗಿ ಕೊಳ್ಳಲು ತೊಂದರೆಯಿಲ್ಲ. ಮಗಳು ತನ್ನ ಇಟಲಿಯ ಸಂಬಳದಿಂದ ಹಾಕುವ ಹಣ ಈ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ.

ಇಂಥ ಖರೀದಿಗೆ ಹಣ ಕಳಿಸಲು ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಸ್ವಂತ ಹಣವೇ ಆಗಬೇಕು.

ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ವರ್ಷಕ್ಕೆ ತಲಾ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20 ಹಿಡಿಯುತ್ತದೆ. ಒಬ್ಬರು 1 ಕೋಟಿ ಕಳಿಸಿದರೆ 18 ಲಕ್ಷ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಇದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದರೆ ವಾಪಸು ಬರುತ್ತದೆ. ಆದರೆ ಕಳಿಸುವ ದಿನ ಆ 18 ಲಕ್ಷವೂ ಕೈಯಲ್ಲಿರಬೇಕು.

ಇನ್ನೊಂದು ಗಡುವನ್ನು ಬಹಳ ಜನ ಗಮನಿಸುವುದಿಲ್ಲ. ಕಳಿಸಿದ ಹಣ ಬಳಕೆಯಾಗದೆ 180 ದಿನ ಉಳಿದರೆ ಅದನ್ನು ಭಾರತಕ್ಕೆ ವಾಪಸು ತರಬೇಕು. ಇಟಲಿಯ ಹಳೇ ಎಸ್ಟೇಟಿನ ವ್ಯವಹಾರ ತಿಂಗಳುಗಟ್ಟಲೆ ಎಳೆಯುತ್ತದೆ, ಕಾರಣ ಮುಂದಿನ ಉತ್ತರದಲ್ಲಿದೆ. ಆದ್ದರಿಂದ ಪೂರ್ತಿ ಮೊತ್ತವನ್ನು ಮೊದಲೇ ಕಳಿಸಿ ಅಲ್ಲಿ ಇಡಬೇಡಿ.

ಇಟಲಿಯ ಕಡೆಯಿಂದಲೂ ಒಂದು ಅಡ್ಡಿ ಇದೆ. ಅಲ್ಲಿನ ಸಿವಿಲ್ ಸಂಹಿತೆಯ ಆರಂಭದ ನಿಬಂಧನೆಗಳಲ್ಲಿ 16ನೇ ವಿಧಿ ಪರಸ್ಪರತೆಯ ಷರತ್ತು ಹಾಕುತ್ತದೆ: ನಿಮ್ಮ ದೇಶದಲ್ಲಿ ಇಟಲಿಯವರಿಗೆ ಯಾವ ಹಕ್ಕಿದೆಯೋ ಅದೇ ಹಕ್ಕು ನಿಮಗೆ ಇಟಲಿಯಲ್ಲಿ. ಉದ್ಯೋಗ ಅಥವಾ ಕುಟುಂಬದ ಆಧಾರದ ಮೇಲೆ ಚಾಲ್ತಿ ವಾಸದ ಪರವಾನಗಿ ಹೊಂದಿರುವ ನಿಮ್ಮ ಮಗಳಿಗೆ ಈ ಪರಿಶೀಲನೆ ಅನ್ವಯಿಸುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಕುಳಿತಿರುವ ನಿಮ್ಮ ಮೂವರಿಗೆ ಅನ್ವಯಿಸುತ್ತದೆ. ಮನೆ ನೋಡಲು ವಿಮಾನ ಹತ್ತುವ ಮೊದಲೇ ಈ ಒಂದು ಪ್ರಶ್ನೆಗೆ ಅಲ್ಲಿನ ನೋಟರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಉತ್ತರ ಅನುಕೂಲವಾಗಿಲ್ಲದಿದ್ದರೆ ಖರೀದಿ ಮಗಳ ಹೆಸರಿಗಷ್ಟೇ ಸೀಮಿತವಾಗುತ್ತದೆ. ಆಗ ನಿಮ್ಮ ಪಾಲಿನ ಲೆಕ್ಕವನ್ನೇ ಬೇರೆಯಾಗಿ ಕೂಡಬೇಕಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಪಹಣಿ, ಮ್ಯುಟೇಷನ್, ಇ.ಸಿ., ಸರ್ವೆ ನಕ್ಷೆ ನೋಡಿ ಜಮೀನು ಕೊಳ್ಳುತ್ತೇವೆ. ಇಟಲಿಯಲ್ಲಿ ಏನೇನು ನೋಡಬೇಕು? ಏಜೆಂಟರು ಒಂದು ಫಾರಂಗೆ ಸಹಿ ಹಾಕಿ ಮುಂಗಡ ಕೊಡಿ, ಉಳಿದದ್ದು ಆಮೇಲೆ ಎನ್ನುತ್ತಿದ್ದಾರೆ.
– ವಕೀಲರು, ಕೋಲಾರ

ಉತ್ತರ: ಸಹಿ ಹಾಕಬೇಡಿ. ಅಲ್ಲಿ ಖರೀದಿಯ ಪ್ರಸ್ತಾವ ಎಂಬ ಆ ಫಾರಂ ಬರೀ ಆಸಕ್ತಿ ತೋರಿಸುವ ಕಾಗದವಲ್ಲ. ಮಾರುವವರು ಒಪ್ಪಿಕೊಂಡ ಕ್ಷಣದಿಂದ ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ನಂತರ ಬರುವುದು ‘ಕೊಂಪ್ರೊಮೆಸ್ಸೊ’, ಅಂದರೆ ನಮ್ಮ ಸೇಲ್ ಅಗ್ರಿಮೆಂಟ್. ಅದರ ಜೊತೆ ಕೊಡುವ ಮುಂಗಡ ‘ಕಪಾರಾ’. ನೀವು ಹಿಂದೆ ಸರಿದರೆ ಅಷ್ಟೂ ಹೋಯಿತು. ಅವರು ಹಿಂದೆ ಸರಿದರೆ ಎರಡರಷ್ಟು ವಾಪಸು. ಸಿವಿಲ್ ಸಂಹಿತೆಯ 1385ನೇ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ಕೊಂಪ್ರೊಮೆಸ್ಸೊವನ್ನು ನೋಟರಿಯ ಮುಂದೆ ಮಾಡಿಸಿ ಸಾರ್ವಜನಿಕ ದಾಖಲೆಗೆ ಏರಿಸಬಹುದು. ದೊಡ್ಡ ಮೊತ್ತವಿದ್ದರೆ ಖರ್ಚಾದರೂ ಹಾಗೇ ಮಾಡಿಸಿ. ನಡುವೆ ಬೇರೆಯವರಿಗೆ ಮಾರಿಬಿಟ್ಟರೂ, ಆಸ್ತಿಗೆ ಜಪ್ತಿ ಬಂದರೂ ನಿಮ್ಮ ಹಕ್ಕು ಮೊದಲಿನದಾಗಿ ನಿಲ್ಲುತ್ತದೆ.

ಅಲ್ಲಿನ ನೋಟರಿ ನಮ್ಮ ಕೋರ್ಟ್ ಮುಂದೆ ಸೀಲು ಒತ್ತುವ ನೋಟರಿಯಲ್ಲ. ಸರ್ಕಾರ ನೇಮಿಸಿದ ಅಧಿಕಾರಿ. ಹಕ್ಕಿನ ಪರಿಶೀಲನೆ, ಕ್ರಯಪತ್ರ, ತೆರಿಗೆ ವಸೂಲಿ, ನೋಂದಣಿ ಎಲ್ಲವೂ ಅವರ ಕೈಯಲ್ಲಿ. ಶುಲ್ಕ ಸಾಮಾನ್ಯವಾಗಿ ಕೊಳ್ಳುವವರದ್ದು, ಆದ್ದರಿಂದ ಆಯ್ಕೆಯೂ ನಿಮ್ಮದೇ ಆಗಿರಲಿ. 2017ರಿಂದ ಇನ್ನೊಂದು ಅನುಕೂಲವಿದೆ: ನೋಂದಣಿ ಮುಗಿಯುವವರೆಗೆ ಖರೀದಿ ಹಣವನ್ನು ನೋಟರಿಯ ಪ್ರತ್ಯೇಕ ಖಾತೆಯಲ್ಲೇ ಇಡಿ ಎಂದು ನೀವು ಕೇಳಬಹುದು. ಕೇಳಿ.

ದಾಖಲೆಗಳ ವಿಷಯಕ್ಕೆ ಬರೋಣ. ‘ಕತಾಸ್ತೊ’ ಎಂಬುದು ತೆರಿಗೆಗಾಗಿ ಇರುವ ದಾಖಲೆ. ಹಾಳೆ ಸಂಖ್ಯೆ, ತುಂಡಿನ ಸಂಖ್ಯೆ, ನಕ್ಷೆ ಸಿಗುತ್ತವೆ. ನಮ್ಮ ಪಹಣಿಯ ಹಾಗೆಯೇ, ಇದೊಂದೇ ಇದ್ದರೆ ಮಾಲೀಕತ್ವ ಸಾಬೀತಾಗುವುದಿಲ್ಲ. ಹಕ್ಕು, ಅಡಮಾನ, ಜಪ್ತಿಗಳು ಬೇರೆ ರಿಜಿಸ್ಟರಿನಲ್ಲಿವೆ. ನೋಟರಿ ಕನಿಷ್ಠ 20 ವರ್ಷ ಹಿಂದಕ್ಕೆ ನೋಡಬೇಕು. ಹಳೇ ಎಸ್ಟೇಟುಗಳಲ್ಲಿ ಎಡವಟ್ಟಾಗುವುದು ವಾರಸುದಾರಿಕೆಯಲ್ಲಿ. ತೆರಿಗೆ ಇಲಾಖೆಗೆ ವಾರಸಾ ಘೋಷಣೆ ಕೊಟ್ಟಿರುತ್ತಾರೆ, ಆದರೆ ಆಸ್ತಿಯನ್ನು ಸ್ವೀಕರಿಸಿದ್ದು ರಿಜಿಸ್ಟರಿಗೆ ಏರಿರುವುದಿಲ್ಲ. ಅದು ಸರಿಯಾಗದೆ, ಎಲ್ಲ ವಾರಸುದಾರರೂ ಸಹಿ ಹಾಕದೆ ಮುಂದಕ್ಕೆ ಹೋಗಬಾರದು.

ಕಟ್ಟಡದ ವಿಷಯದಲ್ಲಿ 1967ರ ಸೆಪ್ಟೆಂಬರ್ 1 ನೆನಪಿಡಿ. ಅದಕ್ಕೆ ಮೊದಲು ಶುರುವಾದ ಕಟ್ಟಡಕ್ಕೆ ಮಾರುವವರ ಘೋಷಣೆ ಸಾಕು. ನಂತರದ್ದಕ್ಕೆ ಪರವಾನಗಿಯ ವಿವರ ಕ್ರಯಪತ್ರದಲ್ಲೇ ಬರಬೇಕು. 16ನೇ ಶತಮಾನದ ಮನೆಯಲ್ಲಿ ತೊಂದರೆಯಿರುವುದು ಮನೆಯಲ್ಲಲ್ಲ, 1980ರ ಟ್ರ್ಯಾಕ್ಟರ್ ಶೆಡ್ಡಿನಲ್ಲಿ, ಈಜುಕೊಳದಲ್ಲಿ. ಒಬ್ಬ ಸರ್ವೆಯರನ್ನು ನೀವೇ ನೇಮಿಸಿ, ನಕ್ಷೆ ಹಿಡಿದು ಗೋಡೆ ಗೋಡೆ ಅಳೆಸಿ. 5,000 ಚದರ ಮೀಟರ್ ಮೀರಿದ ಜಮೀನಿಗೆ ಪುರಸಭೆಯಿಂದ ಭೂಬಳಕೆ ಪ್ರಮಾಣಪತ್ರವೂ ಕಡ್ಡಾಯ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಮೊದಲು ಕೊಳ್ಳುವ ಹಕ್ಕು. 1965ರ 590ನೇ ಕಾನೂನು ಮತ್ತು 1971ರ 817ನೇ ಕಾನೂನಿನ ಪ್ರಕಾರ, ಜಮೀನನ್ನು ಗೇಣಿಗೆ ಪಡೆದು ಸ್ವತಃ ಉಳುತ್ತಿರುವ ರೈತನಿಗೆ, ಅವನಿಲ್ಲದಿದ್ದರೆ ಹೊಂದಿಕೊಂಡ ಜಮೀನಿನಲ್ಲಿ ಸ್ವತಃ ಉಳುವ ನೆರೆಯವನಿಗೆ, ಅದೇ ಬೆಲೆಗೆ ಮೊದಲು ಕೊಳ್ಳುವ ಹಕ್ಕಿದೆ. ಅಗ್ರಿಮೆಂಟಿನ ಪ್ರತಿ ಸಮೇತ ಅವನಿಗೆ ನೋಟಿಸು ಹೋಗಬೇಕು. ಅವನಿಗೆ 30 ದಿನ ಕಾಲಾವಕಾಶ. ನೋಟಿಸು ಕೊಡದೆ ಮಾರಿದರೆ, ನೋಂದಣಿಯಾದ 1 ವರ್ಷದೊಳಗೆ ಅವನು ಕ್ರಯಪತ್ರದ ಬೆಲೆ ಕೊಟ್ಟು ನಿಮ್ಮಿಂದ ಜಮೀನು ಬಿಡಿಸಿಕೊಳ್ಳಬಹುದು. ಬೆಲೆ ಕಡಿಮೆ ತೋರಿಸಿ ತೆರಿಗೆ ಉಳಿಸೋಣ ಎನ್ನುವವರಿಗೆ ಇಲ್ಲೇ ಪೆಟ್ಟು: ಕಾಗದದಲ್ಲಿರುವ ಬೆಲೆಯಷ್ಟೇ ವಾಪಸು ಬರುವುದು. ಹಾಗಾಗಿ ಪ್ರತಿಯೊಬ್ಬ ನೆರೆಯವರಿಂದಲೂ ಹಕ್ಕು ಬಿಟ್ಟುಕೊಟ್ಟ ಬರಹ ಬೇಕು.

ಮನೆಯನ್ನು ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿದ್ದರೆ ಸರ್ಕಾರಕ್ಕೂ ಇಂಥದ್ದೇ ಹಕ್ಕಿದೆ (2004ರ 42ನೇ ಶಾಸನಾದೇಶ). ಕ್ರಯವಾದ 30 ದಿನದೊಳಗೆ ಸಂಸ್ಕೃತಿ ಸಚಿವಾಲಯಕ್ಕೆ ತಿಳಿಸಬೇಕು. ತಿಳಿಸಿದ ಮೇಲೆ 60 ದಿನ ಕಾಯಬೇಕು. ಆ ಅವಧಿಯಲ್ಲಿ ಆಸ್ತಿಯನ್ನು ನಿಮ್ಮ ವಶಕ್ಕೆ ಕೊಡುವಂತಿಲ್ಲ. ಹಿಂದಿನ ಉತ್ತರದಲ್ಲಿ 180 ದಿನದ ಗಡುವಿನ ಮಾತು ಎತ್ತಿದ್ದು ಇದಕ್ಕೇ.

ಗೇಣಿ ಒಪ್ಪಂದವಿದೆಯೇ ಎಂದೂ ಕೇಳಿ. 1982ರ 203ನೇ ಕಾನೂನಿನಂತೆ ಸಾಮಾನ್ಯ ಕೃಷಿ ಗೇಣಿಯ ಕನಿಷ್ಠ ಅವಧಿ 15 ವರ್ಷ, ರೈತ ಸಂಘಗಳ ಸಮಕ್ಷಮ ಬೇರೆ ಅವಧಿಗೆ ಒಪ್ಪಿದ್ದರೆ ಮಾತ್ರ ಅದು ಬದಲಾಗುತ್ತದೆ. ಮಾಲೀಕರು ಬದಲಾದರೂ ಗೇಣಿದಾರ ಉಳಿಯುತ್ತಾನೆ.

ತೆರಿಗೆ: ವೃತ್ತಿಪರ ಕೃಷಿಕರಲ್ಲದವರು ಕೃಷಿ ಜಮೀನು ಕೊಂಡರೆ ನೋಂದಣಿ ತೆರಿಗೆ ಶೇ 15. ಜಮೀನಿನ ಬೆಲೆ 3,00,000 ಯೂರೊ ಆದರೆ 45,000 ಯೂರೊ. ಮನೆಗೆ ಸಾಮಾನ್ಯವಾಗಿ ಶೇ 9. ಇಲ್ಲಿ ರೈತರೆಂಬ ಪಹಣಿ ಅಲ್ಲಿ ನಿಮ್ಮನ್ನು ರೈತರನ್ನಾಗಿ ಮಾಡುವುದಿಲ್ಲ.

ಪ್ರಶ್ನೆ: ಬೆಂಗಳೂರು ಬ್ಲೂ, ದಿಲ್‌ಖುಷ್ ಬೆಳೆದು ಅನುಭವವಿದೆ. ಇಟಲಿಯಲ್ಲಿ ದ್ರಾಕ್ಷಿ ತೋಟ ಕೊಂಡರೆ ಅದರ ಪಕ್ಕದ ಖಾಲಿ ಜಾಗದಲ್ಲೂ ಬಳ್ಳಿ ನೆಟ್ಟು, ಚಪ್ಪರ ಹಾಕಿ ಇಳುವರಿ ಹೆಚ್ಚಿಸಬಹುದಲ್ಲವೇ?
– ಬೆಳೆಗಾರರು, ಶಿಡ್ಲಘಟ್ಟ

ಉತ್ತರ: ಇಲ್ಲ. ಯುರೋಪಿನ ಒಕ್ಕೂಟದಲ್ಲಿ ಅನುಮತಿಯಿಲ್ಲದೆ ವೈನ್ ದ್ರಾಕ್ಷಿ ನೆಡುವಂತಿಲ್ಲ. 2016ರಿಂದ ಜಾರಿಯಲ್ಲಿರುವ ವ್ಯವಸ್ಥೆಯಲ್ಲಿ ದೇಶದ ಒಟ್ಟು ದ್ರಾಕ್ಷಿ ವಿಸ್ತೀರ್ಣದ ಶೇ 1ರವರೆಗೆ ಮಾತ್ರ ವರ್ಷಕ್ಕೆ ಹೊಸ ನಾಟಿಗೆ ಅನುಮತಿ ಹಂಚುತ್ತಾರೆ. ಅನುಮತಿಯಿಲ್ಲದೆ ನೆಟ್ಟದ್ದನ್ನು ಸ್ವಂತ ಖರ್ಚಿನಲ್ಲಿ ಕೀಳಬೇಕು, ದಂಡವೂ ಬೀಳುತ್ತದೆ. ಆದ್ದರಿಂದ ಕೊಳ್ಳುವಾಗಲೇ ದ್ರಾಕ್ಷಿ ತೋಟಗಳ ಸರ್ಕಾರಿ ರಿಜಿಸ್ಟರಿನ ಪ್ರತಿ ತೆಗೆಸಿ. ಯಾವ ತುಂಡಿನಲ್ಲಿ ಎಷ್ಟು ಬಳ್ಳಿ, ಯಾವ ತಳಿ, ಯಾವ ವರ್ಷ ನೆಟ್ಟದ್ದು, ಯಾವ ವೈನಿನ ಹೆಸರಿಗೆ ಅರ್ಹ ಎಂಬುದೆಲ್ಲ ಅದರಲ್ಲಿರುತ್ತದೆ.

ವೈನಿನ ಹೆಸರೇ ಇಲ್ಲಿ ಬೆಲೆ ನಿರ್ಧರಿಸುವುದು. ಕಿಯಾಂತಿ ಬೇರೆ, ಕಿಯಾಂತಿ ಕ್ಲಾಸ್ಸಿಕೊ ಬೇರೆ. ಎರಡಕ್ಕೂ ಪ್ರತ್ಯೇಕ ನಿಯಮ, ಪ್ರತ್ಯೇಕ ಗಡಿ. ಈ ಸೀಮೆಯ ಗಡಿಯನ್ನು ಮೊದಲು ಗುರುತಿಸಿದ್ದು 1716ರಲ್ಲಿ, ಟಸ್ಕನಿಯ ಆಗಿನ ದೊರೆ ಮೂರನೇ ಕೊಸಿಮೊ ಮೆಡಿಚಿಯ ಆಜ್ಞೆಯಲ್ಲಿ. ಕ್ಲಾಸ್ಸಿಕೊದಲ್ಲಿ ಕನಿಷ್ಠ ಶೇ 80 ಸಾಂಜೊವೇಸೆ ತಳಿ ಇರಬೇಕು, ಇಳುವರಿ ಹೆಕ್ಟೇರಿಗೆ 7.5 ಟನ್ ಮೀರಬಾರದು. ಎಕರೆಗೆ ಸುಮಾರು 3 ಟನ್. ನಿಮ್ಮ ಚಪ್ಪರದ ಲೆಕ್ಕಕ್ಕೆ ಇದು ತೀರಾ ಕಡಿಮೆ ಅನಿಸುತ್ತದೆ, ಆದರೆ ಅದು ನಿಯಮ. ಬಳ್ಳಿಯನ್ನು ತಂತಿಯ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಹೊಸ ತೋಟದಲ್ಲಿ ಹೆಕ್ಟೇರಿಗೆ 4,400 ಬಳ್ಳಿಗಿಂತ ಕಡಿಮೆ ಇರುವಂತಿಲ್ಲ.

ನಂದಿ ಸುತ್ತಮುತ್ತ ಬಳ್ಳಿ ಪೂರ್ತಿ ಮಲಗುವುದಿಲ್ಲ, ಅದಕ್ಕೇ ವರ್ಷಕ್ಕೆರಡು ಪ್ರೂನಿಂಗ್. ಟಸ್ಕನಿಯಲ್ಲಿ ಚಳಿಗೆ ಎಲೆ ಉದುರಿ ಬಳ್ಳಿ ನಿದ್ದೆ ಹೋಗುತ್ತದೆ. ಚಳಿಗಾಲದಲ್ಲಿ ಒಂದೇ ಪ್ರೂನಿಂಗ್, ಏಪ್ರಿಲ್ ಹೊತ್ತಿಗೆ ಚಿಗುರು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಒಂದೇ ಕೊಯ್ಲು. ಏಪ್ರಿಲ್‌ನ ಹಿಮ ಚಿಗುರನ್ನು ಸುಟ್ಟರೆ ಆ ವರ್ಷದ ಫಸಲು ಬಹುಪಾಲು ಹೋದಂತೆ.

ತೋಟ ನೋಡಲು ಜುಲೈ–ಆಗಸ್ಟ್‌ನಲ್ಲಿ ಹೋಗಿ. ಸಾಲು ಸಾಲಾಗಿ ನಡೆದು, ಪ್ರತಿ 100 ಬಳ್ಳಿಗೆ ಎಷ್ಟು ಜಾಗ ಖಾಲಿ ಎಂದು ಎಣಿಸಿ. ಎಲೆಯ ನರಗಳ ನಡುವೆ ಹುಲಿಪಟ್ಟೆಯಂತೆ ಒಣಗಿದ್ದರೆ ಅದು ಎಸ್ಕಾ, ಕಾಂಡದೊಳಗಿನ ಶಿಲೀಂಧ್ರ, ಸಿಂಪಡಣೆಯಿಂದ ಗುಣವಾಗುವುದಿಲ್ಲ. ಎಲೆ ಕೆಳಮುಖವಾಗಿ ಸುರುಳಿಯಾಗಿ ಹಳದಿ ಅಥವಾ ಕೆಂಪಾಗಿ, ಕಡ್ಡಿ ಬಲಿಯದೆ ರಬ್ಬರಿನಂತೆ ಬಾಗಿದರೆ ‘ಫ್ಲಾವೆಸ್ಚೆನ್ಸಾ ದೊರಾತಾ’ ಎಂದು ಅನುಮಾನಿಸಿ. ಜಿಗಿಹುಳು ಹರಡುವ ಈ ರೋಗ ತಗುಲಿದ ಬಳ್ಳಿಯನ್ನು ಕಿತ್ತುಹಾಕುವುದು ಕಾನೂನಿನ ಕಡ್ಡಾಯ. ಬೋರ್ಡೋ ದ್ರಾವಣವನ್ನೂ ಮನಬಂದಂತೆ ಹೊಡೆಯುವ ಹಾಗಿಲ್ಲ: ಅದರಲ್ಲಿರುವ ತಾಮ್ರದ ಮಿತಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ.

ಪ್ರಶ್ನೆ: ಹಳೇ ಮನೆಯನ್ನು ದುರಸ್ತಿ ಮಾಡಿ ಹೋಂಸ್ಟೇ ನಡೆಸಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ನೀವು ಮನಸ್ಸಿನಲ್ಲಿಟ್ಟುಕೊಂಡಿರುವುದು ‘ಅಗ್ರಿತುರಿಸ್ಮೊ’. 2006ರ 96ನೇ ಕಾನೂನಿನಂತೆ ಅದನ್ನು ಕೃಷಿ ಉದ್ಯಮಿ ಮಾತ್ರ ನಡೆಸಬಹುದು. ಕೃಷಿಯೇ ಮುಖ್ಯ ಕಸುಬಾಗಿರಬೇಕು, ಅತಿಥಿ ಸತ್ಕಾರ ಅದಕ್ಕೆ ಪೂರಕ. ತೋಟವನ್ನು ಪಾಳು ಬಿಟ್ಟು ಕೋಣೆ ಬಾಡಿಗೆಗೆ ಕೊಡುವ ದಾರಿ ಇದಲ್ಲ. ಸಾಂಸ್ಕೃತಿಕ ಆಸ್ತಿಯಾದ ಮನೆಯಲ್ಲಿ ಕಿಟಕಿ ಬದಲಿಸಲೂ ಪರಂಪರೆ ಇಲಾಖೆಯ ಒಪ್ಪಿಗೆ ಬೇಕು. ಶೆಡ್ಡುಗಳ ಮೇಲೆ ಸಿಮೆಂಟು ಶೀಟು ಇದ್ದರೆ ಆಸ್‌ಬೆಸ್ಟಾಸ್ ಪರೀಕ್ಷೆ ಮಾಡಿಸಿ. ಇಟಲಿ ಅದನ್ನು 1992ರಲ್ಲೇ ನಿಷೇಧಿಸಿದೆ, ಹಳೆಯದು ಇನ್ನೂ ಎಷ್ಟೋ ಕಡೆ ಉಳಿದಿದೆ. ತೆಗೆಸಲು ಪರವಾನಗಿ ಪಡೆದ ತಂಡವೇ ಬರಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿಕೊಳ್ಳಿ.

ಪ್ರಶ್ನೆ: ಎಸ್ಟೇಟ್ ಕೊಂಡರೆ ವೀಸಾ ಸಿಗುತ್ತದೆಯೇ?
– ಓದುಗರು, ಮಾಲೂರು

ಉತ್ತರ: ಸಿಗುವುದಿಲ್ಲ. ಇಟಲಿಯ ಹೂಡಿಕೆದಾರರ ವೀಸಾಕ್ಕೆ ಮನೆ, ಜಮೀನು ಲೆಕ್ಕಕ್ಕಿಲ್ಲ. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನವಷ್ಟೇ ಇರಬಹುದು.

ಪ್ರಶ್ನೆ: ಅಲ್ಲಿನ ದ್ರಾಕ್ಷಿ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ ತಾನೇ, ಅದು ಕೃಷಿ ಆದಾಯವಲ್ಲವೇ?
– ಓದುಗರು, ಬಾಗೇಪಲ್ಲಿ

ಉತ್ತರ: ಇದೆ. ಭಾರತದಲ್ಲಿರುವ ಜಮೀನಿನ ಕೃಷಿ ಆದಾಯಕ್ಕೆ ಮಾತ್ರ ವಿನಾಯಿತಿ. ಇಟಲಿಯ ಜಮೀನಿನದ್ದು ಇಲ್ಲಿ ವಾಸವಿರುವವರ ಇತರ ಆದಾಯದಂತೆ ತೆರಿಗೆಗೆ ಒಳಪಡುತ್ತದೆ. ಎರಡು ದೇಶಗಳ ನಡುವೆ ಜೋಡಿ ತೆರಿಗೆ ತಪ್ಪಿಸುವ ಒಪ್ಪಂದವಿರುವುದರಿಂದ ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಜಮೆ ಕೇಳಬಹುದು, ರಸೀದಿ ಇಟ್ಟುಕೊಳ್ಳಿ. ಆದಾಯ ಬರದ ವರ್ಷವೂ ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಎಸ್ಟೇಟನ್ನು ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಪಾಲು ಹಾಕಿ ಕೊಂಡಿದ್ದರೆ ಇಲ್ಲಿ ವಾಸವಿರುವ ಪ್ರತಿಯೊಬ್ಬ ಪಾಲುದಾರರೂ ತಮ್ಮ ತಮ್ಮ ರಿಟರ್ನ್‌ನಲ್ಲಿ ಬೇರೆ ಬೇರೆಯಾಗಿ ತೋರಿಸಬೇಕು.