ಹೆಕ್ಸೇನ್‌ನಲ್ಲಿ ಕಿಣ್ವಕ್ಕೆ ಎಷ್ಟು ನೀರು ಬೇಕು?

ಪ್ರಶ್ನೆ: ಪ್ರಾಜೆಕ್ಟಿಗಾಗಿ ಕ್ಯಾಂಡಿಡಾ ರುಗೋಸಾ ಎಂಬ ಯೀಸ್ಟಿನ ಲೈಪೇಸ್ ಕಿಣ್ವದ ಪುಡಿ ಬಳಸಿ, ಹೆಕ್ಸೇನ್ ದ್ರಾವಕದಲ್ಲಿ ಬ್ಯುಟಿರಿಕ್ ಆಮ್ಲ, ಐಸೋಅಮೈಲ್ ಆಲ್ಕೋಹಾಲ್ ಬೆರೆಸಿ ಎಸ್ಟರ್ ಮಾಡುತ್ತಿದ್ದೇನೆ. ಉಷ್ಣತೆ 40 ಡಿಗ್ರಿ. ಮೊದಲೇ ಮಾಲಿಕ್ಯುಲರ್ ಸೀವ್ (ನೀರು ಹೀರುವ ಕಾಳು) ಹಾಕಿದರೆ ಕ್ರಿಯೆ ನಡೆಯುವುದೇ ಇಲ್ಲ. ಶೇ. 0.5 ನೀರು ಹಾಕಿದರೆ ಪುಡಿ ಮುದ್ದೆಯಾಗಿ ಗಾಜಿಗೆ ಅಂಟುತ್ತದೆ. ಅಷ್ಟೇ ನೀರು ಹಾಕಿದ ಅಸಿಟೋನ್‌ನಲ್ಲಿ ಮುದ್ದೆಯೂ ಇಲ್ಲ, ಎಸ್ಟರೂ ಇಲ್ಲ. ಎಷ್ಟು ನೀರು ಸರಿ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬ್ಯುಟಿರಿಕ್ ಆಮ್ಲವಾ! ನಿಮ್ಮ ಹಾಸ್ಟೆಲ್ ರೂಮ್‌ಮೇಟ್ ನೆನೆದು ಅಯ್ಯೋ ಪಾಪ ಅನ್ನಿಸಿತು. ಆ ಕೆಟ್ಟ ಬೆಣ್ಣೆಯ ನಾತ ಬಟ್ಟೆ ಹಿಡಿದರೆ ಬಿಡುವುದಿಲ್ಲ.

ಶೇಕಡಾ ಲೆಕ್ಕ ಬಿಟ್ಟುಬಿಡಿ. ಕಿಣ್ವಕ್ಕೆ ಮುಖ್ಯ ತನಗೆ ದಕ್ಕುವ ನೀರು. ಅದರ ಅಳತೆಯೇ ವಾಟರ್ ಆ್ಯಕ್ಟಿವಿಟಿ. ಪೂರ್ತಿ ಒಣಗಿದ್ದರೆ 0, ಶುದ್ಧ ನೀರಿಗೆ 1. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುತ್ತದಲ್ವಾ? ಸುತ್ತಲ ತೇವ ಎಷ್ಟಿದೆಯೋ ಅಷ್ಟಕ್ಕೆ ಅದು ಹೊಂದಿಕೊಳ್ಳುತ್ತದೆ. ನಿಮ್ಮ ಪುಡಿಯೂ ಹಾಗೇ. ಹೆಕ್ಸೇನ್‌ನಲ್ಲಿ ಕರಗುವ ನೀರು ಸುಮಾರು ಶೇ. 0.01 ಮಾತ್ರ. ನೀವು ಹಾಕಿದ ಉಳಿದ ನೀರೆಲ್ಲ ಪುಡಿಯ ಮೇಲೆ ಹೋಗಿ ಕೂತಿತು. ಅಸಿಟೋನ್ ಇದಕ್ಕೆ ತದ್ವಿರುದ್ಧ, ಕಿಣ್ವದ ಮೈಮೇಲಿದ್ದ ನೀರನ್ನೂ ಎಳೆದುಕೊಳ್ಳುತ್ತದೆ. ಸದ್ಯಕ್ಕೆ ಅದನ್ನು ಕೈಬಿಡಿ.

ಸೀವ್ ಹಾಕಿ ಎಂದು ಯಾರೋ ಹೇಳಿರಬೇಕು. ಕ್ಯಾಂಡಿಡಾ ಅಂಟಾರ್ಕ್ಟಿಕಾದ ಬಿ ಲೈಪೇಸ್ ಆಗಿದ್ದರೆ ಆ ಮಾತು ನಡೆಯುತ್ತಿತ್ತು. ಅದು ತುಂಬ ಒಣಗಿದರೂ ದುಡಿಯುತ್ತದೆ. ನಿಮ್ಮ ರುಗೋಸಾಗೆ ನೀರು ಜಾಸ್ತಿ ಬೇಕು. ಮೊದಲು ವಾಟರ್ ಆ್ಯಕ್ಟಿವಿಟಿ 0.8ರ ಆಸುಪಾಸು ಇಟ್ಟು ನೋಡಿ.

ಅದಕ್ಕೆ ಅಗ್ಗದ ದಾರಿ ಸೋಡಿಯಂ ಸಲ್ಫೇಟ್. ಅದರ ಒಣ ಪುಡಿಯನ್ನೂ ಹತ್ತು ನೀರಿನ ಅಣು ಹಿಡಿದಿರುವ ಹರಳನ್ನೂ ಒಟ್ಟಿಗೆ ಫ್ಲಾಸ್ಕಿಗೆ ಹಾಕಿ. 25 ಡಿಗ್ರಿಯಲ್ಲಿ ಈ ಜೋಡಿ ವಾಟರ್ ಆ್ಯಕ್ಟಿವಿಟಿಯನ್ನು ಸುಮಾರು 0.80ರಲ್ಲಿ ಹಿಡಿದಿಡುತ್ತದೆ. ಪ್ರತಿ ಎಸ್ಟರ್ ಅಣುವಿನ ಜೊತೆ ಒಂದು ನೀರಿನ ಅಣುವೂ ಹುಟ್ಟುತ್ತದೆ. ಅದನ್ನು ಒಣ ಪುಡಿ ಹೀರಿ ಹರಳಾಗುತ್ತದೆ. ನೀರು ಕಡಿಮೆಯಾದರೆ ಹರಳು ಬಿಟ್ಟುಕೊಡುತ್ತದೆ. ಕೊನೆಯವರೆಗೂ ಎರಡೂ ಉಳಿದಿರಬೇಕು, ಹಾಗಾಗಿ ಜಿಪುಣತನ ಬೇಡ. ಆಮ್ಲ ಹಾಕುವ ಮೊದಲು ಹೆಕ್ಸೇನ್, ಆಲ್ಕೋಹಾಲ್, ಲವಣ, ಕಿಣ್ವ ಎಲ್ಲ ಸೇರಿಸಿ, ಬಿಗಿಯಾಗಿ ಮುಚ್ಚಿ, ಚೆನ್ನಾಗಿ ಅಲುಗಾಡಿಸಿ ಹೊಂದಿಕೊಳ್ಳಲು ಬಿಡಿ. ಸೋಡಿಯಂ ಅಸಿಟೇಟ್ ಜೋಡಿಯೂ ಇದೆ. ಆದರೆ ನಿಮ್ಮಲ್ಲಿ ಆಮ್ಲ ಇರುವುದರಿಂದ ಅದು ಸುಮ್ನೆ ರಗಳೆ.

ಆದರೆ ನಿಮ್ಮ 40 ಡಿಗ್ರಿ ಇಲ್ಲಿ ನಡೆಯದು. ಸಲ್ಫೇಟ್ ಹರಳು 32.4 ಡಿಗ್ರಿಯಲ್ಲೇ ತನ್ನ ನೀರಿನಲ್ಲಿ ಕರಗಿಬಿಡುತ್ತದೆ. ಶೇಕರನ್ನು 25ಕ್ಕೆ ಇಳಿಸಿ. ನಿಮ್ಮ ಲ್ಯಾಬಿನಲ್ಲಿ ಕಾರ್ಲ್ ಫಿಷರ್ ಯಂತ್ರ ಇದ್ದರೆ ಒಟ್ಟು ನೀರನ್ನೂ ಅಳೆದು ಬರೆದಿಟ್ಟುಕೊಳ್ಳಿ, ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.