‘ಅರಿವೆ ಗಂಟು ತಗೊಂಡು ಕೆಳಗ ಹೋಗು’

ಪ್ರಶ್ನೆ: ನನಗೆ 54 ವರ್ಷ. ಊರು ಧಾರವಾಡದ ಹತ್ತಿರ, 26 ವರ್ಷದಿಂದ ಅಮೆರಿಕದ ಒಹಾಯೊದಲ್ಲಿದ್ದೇವೆ. ಮಗಳ ಮದುವೆ ಆದ ಮೇಲೆ ನಾನು ಮತ್ತೆ ಕೌದಿ ಹೊಲಿಯಲು ಶುರು ಮಾಡಿದೆ. ಊಟದ ಟೇಬಲ್ಲೇ ನನ್ನ ಜಾಗ. ಈಗ ಯಜಮಾನರು ಬೇಸ್‌ಮೆಂಟಿನಲ್ಲಿ ಹೊಲಿಗೆ ಕೋಣೆ ಮಾಡಿಸಿಕೊಡುತ್ತಿದ್ದಾರೆ. ‘ನಿನ್ನ ಅರಿವೆ ಗಂಟು ತಗೊಂಡು ಕೆಳಗ ಹೋಗು, ಮನಿ ಸ್ವಚ್ಛ ಇರ್ತದ’ ಅಂದರು. ತಮಾಷೆಗೇ ಅಂದಿದ್ದು. ಆದರೂ ಅವತ್ತಿನಿಂದ ನಾನು ಸೂಜಿ ಹಿಡಿದಿಲ್ಲ. ಗೆಳತಿಯರು ನೀನು ಪುಣ್ಯವಂತೆ ಅಂತಾರೆ. ತೀರಿಕೊಂಡ ಅವ್ವನ ಇಳಕಲ್ ಸೀರೆಗಳೂ ಕೆಳಗೇ ರಟ್ಟಿನ ಪೆಟ್ಟಿಗೆಯಲ್ಲಿವೆ. ಅವುಗಳಿಗೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ನನ್ನದೇ ತಪ್ಪಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಪೂರ್ತಿ ಓದುವ ಮುಂಚೆಯೇ ಕೆಳಗೆ ಹೋಗಿ ಆ ಪೆಟ್ಟಿಗೆಯನ್ನು ಮೇಲೆ ತನ್ನಿ. ಸಿಮೆಂಟ್ ನೆಲದ ತೇವವನ್ನು ರಟ್ಟು ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಸೀರೆಗೆ ಗಂಜಿ ಹಾಕಿಟ್ಟಿದ್ದರೆ ಸಿಲ್ವರ್‌ಫಿಶ್ ಹುಳ ಬೇರೆ ಬರುತ್ತದೆ. ನಮ್ಮದು ಮಲೆನಾಡು. ಅಜ್ಜಿಯ ಒಂದು ಸೀರೆಯನ್ನು ನೆಲದ ಮೇಲಿನ ಟ್ರಂಕಿನಲ್ಲಿಟ್ಟು ಎರಡು ಮಳೆಗಾಲ ಮರೆತಿದ್ದೆ. ಬಿಡಿಸಿ ನೋಡಿದಾಗ ಮಡಿಕೆಯ ಗೆರೆಗುಂಟ ಕಪ್ಪು ಚುಕ್ಕೆಗಳು. ತೊಳೆದರೂ ಹೋಗಲಿಲ್ಲ. ಆ ಸೀರೆ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಇಲ್ಲ, ನಿಮ್ಮ ತಪ್ಪೇನೂ ಇಲ್ಲ. ಕೋಣೆ ಬೇರೆ, ಅದರ ಜೊತೆಗೆ ಬಂದ ಮಾತು ಬೇರೆ. ನಿಮಗೆ ನೋವಾಗಿದ್ದು ಆ ಮಾತಿನಿಂದ. 26 ವರ್ಷ ಆ ಮನೆ ನಡೆಸಿದವರು ನೀವು. ನೀವು ಪ್ರೀತಿಯಿಂದ ಮಾಡುವ ಕೆಲಸ ಮನೆಯ ಕಸ ಅನ್ನುವ ಹಾಗೆ ಕೇಳಿಸಿದರೆ ಸೂಜಿ ಹಿಡಿಯಲು ಮನಸ್ಸು ಹೇಗೆ ಬರುತ್ತೆ? ಇದನ್ನು ಅವರಿಗೆ ಹೇಳಿದ್ದೀರಾ? ಪತ್ರದಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ಹೇಳಿ. ಜಗಳ ಬೇಡ. ‘ಕೋಣೆ ಮಾಡಿಸ್ತಿರೋದು ಖುಷಿ, ಆದ್ರೆ ಆ ಮಾತು ನೋಯಿಸ್ತು’ ಅಂದರೆ ಸಾಕು. ಅವರ ಕಷ್ಟವನ್ನೂ ಕೇಳಿ. ಕಾರ್ಪೆಟ್ಟಿನಲ್ಲಿ ಬಿದ್ದ ಸೂಜಿ ಕಾಲಿಗೆ ಚುಚ್ಚಿದರೆ ಯಾರಿಗಾದರೂ ಸಿಟ್ಟು ಬರುತ್ತೆ, ಅಲ್ವಾ?

ನನಗೆ ಕಾಣುವುದು ಇಷ್ಟು. ಕೌದಿಯಲ್ಲಿ ಟೇಬಲ್ಲಿನ ಕೆಲಸವೂ ಇದೆ, ತೊಡೆಯ ಮೇಲಿನ ಕೆಲಸವೂ ಇದೆ. ಕತ್ತರಿಸುವುದು, ಇಸ್ತ್ರಿ, ಮಶೀನು, ಬಟ್ಟೆ ಜೋಡಿಸಿಡುವುದು, ಇವಕ್ಕೆ ಕೋಣೆ ಬೇಕು. ಕೈಹೊಲಿಗೆಗೆ ಜನ ಬೇಕು. ನಿಮ್ಮ ಕಡೆ ಹೆಂಗಸರು ಮಧ್ಯಾಹ್ನದ ಊಟ ಆದ ಮೇಲೆ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಸೇರಿ ಹೊಲಿಯುತ್ತಿದ್ದರು. ಮಾತು ನಡೆಯುತ್ತಿತ್ತು, ಹೊಲಿಗೆಯೂ ಸಾಗುತ್ತಿತ್ತು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಅಂಚಿನಿಂದ ಹಿಡಿದು ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಚೌಕಟ್ಟು ಬೇಡ, ಟೇಬಲ್ಲೂ ಬೇಡ. ಇಂಥ ಕೆಲಸವನ್ನು ಒಬ್ಬರೇ ನೆಲಮಾಳಿಗೆಯಲ್ಲಿ ಕೂತು ಮಾಡು ಅಂದರೆ ಬೇಜಾರಾಗದೇ ಇರುತ್ತಾ? ಹಾಗಂತ ಕೋಣೆ ಬೇಡ ಅನ್ನಬೇಡಿ. ಟೇಬಲ್ಲಿನ ಕೆಲಸ ಕೆಳಗಿರಲಿ. ಕೈಹೊಲಿಗೆ ಮೇಲೆ, ಸೋಫಾದಲ್ಲಿ, ಅವರ ಪಕ್ಕದಲ್ಲೇ. ಮುಚ್ಚಳದ ಒಂದು ಬುಟ್ಟಿ ಸಾಕು. ಸೂಜಿ ಹಿಡಿದಿಡಲು ಆಯಸ್ಕಾಂತದ ಒಂದು ಬಟ್ಟಲು ಇಟ್ಟುಕೊಳ್ಳಿ. ಏಳುವಾಗ ಸೂಜಿ ಎಣಿಸಿ.

ಕಾರ್ಪೆಂಟರ್‌ಗೆ ಮಾತ್ರ ಎರಡು ವಾರ ತಡೆಯಲು ಹೇಳಿ. ಗೋಡೆಗೆ ಹಲಗೆ ಹೊಡೆದ ಮೇಲೆ ತೇವ ಗೊತ್ತಾದರೆ ಎಲ್ಲ ಕೀಳಬೇಕಾಗುತ್ತೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಅಂತ ಅರ್ಥ. ನಾವು ತೇವ ಅಂದರೆ ಕಿಟಕಿ ತೆಗೆಯುವ ಜನ. ಅಲ್ಲಿನ ಬೇಸಿಗೆಯಲ್ಲಿ ಅದು ಉಲ್ಟಾ ಆಗುತ್ತೆ. ಹೊರಗಿನ ಬಿಸಿ ಗಾಳಿಯಲ್ಲಿರುವ ನೀರು ಕೆಳಗಿನ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಹಾಕಿ. ತೇವಾಂಶ ಶೇ 50 ದಾಟದ ಹಾಗೆ ನೋಡಿಕೊಳ್ಳಿ.

ರೇಡಾನ್ ಪರೀಕ್ಷೆ ಬಿಡಲೇಬೇಡಿ. ನೆಲದ ಬಿರುಕಿನಿಂದ ಒಳಗೆ ಬರುವ, ವಿಕಿರಣ ಸೂಸುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟಿನ ನಂತರದ ದೊಡ್ಡ ಕಾರಣ ಇದೇ. ಒಹಾಯೊದ ಬಹಳಷ್ಟು ಕಡೆ ಇದು ಜಾಸ್ತಿ. ಪರೀಕ್ಷೆಯ ಕಿಟ್ ಅಂಗಡಿಯಲ್ಲೇ ಸಿಗುತ್ತೆ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಪಡಿಸಬೇಕು ಅಂತ ಅಲ್ಲಿನ ಪರಿಸರ ಸಂಸ್ಥೆ ಹೇಳುತ್ತದೆ. ಪೈಪು, ಫ್ಯಾನು ಕೂರಿಸಿ ಅದನ್ನು ಹೊರಗೆ ಬಿಡುವ ವ್ಯವಸ್ಥೆ ಇದೆ. ದಿನಕ್ಕೆ ಗಂಟೆಗಟ್ಟಲೆ ಅಲ್ಲಿ ಉಸಿರಾಡುವವರು ನೀವು.

ಆಮೇಲೆ ಬೆಳಕು. ಕಡುನೀಲಿ ದಾರ ಯಾವುದು, ಕಪ್ಪು ಯಾವುದು ಅಂತ ಕನ್ನಡಕ ತೆಗೆದು ಕಣ್ಣ ಹತ್ತಿರ ಹಿಡಿದು ನೋಡುವ ಪಾಡು ಬೇಡ. ಸಿಆರ್‌ಐ, ಅಂದರೆ ಬಣ್ಣವನ್ನು ಇದ್ದ ಹಾಗೇ ತೋರಿಸುವ ಗುಣದ ಅಳತೆ, 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಕೇಳಿ. ಕತ್ತರಿಸುವ ಟೇಬಲ್ 36 ಇಂಚು ಎತ್ತರ ಇದ್ದರೆ ಬೆನ್ನು ಬಗ್ಗುವುದಿಲ್ಲ. ಇಸ್ತ್ರಿಪೆಟ್ಟಿಗೆ ಮತ್ತು ಹೀಟರ್ ಒಂದೇ ಲೈನಿನಲ್ಲಿ ಬೇಡ. ಎರಡೂ ಸುಮಾರು 1500 ವ್ಯಾಟ್ ಎಳೆಯುತ್ತವೆ, ಅಲ್ಲಿನ 15 ಆ್ಯಂಪ್ ಲೈನ್ ತಡೆಯುವುದು 1800 ಮಾತ್ರ. ಇಸ್ತ್ರಿಗೆ ಬೇರೆ ಲೈನ್ ಹಾಕಿಸಿ. ಕಾಲಡಿಗೆ ಫೋಮ್ ಮ್ಯಾಟ್ ಇರಲಿ. ಬಟ್ಟೆಯ ಡಬ್ಬಿಗಳು ನೆಲದಿಂದ ಮೇಲಿರಲಿ.

ಅವ್ವನ ಸೀರೆಗೆ ಅವಸರ ಬೇಡ. ಕೈ ಬರದಿದ್ದರೆ ಈ ವರ್ಷ ಸುಮ್ನೆ ಬಿಡಿಸಿ, ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡಿ. ಮನಸ್ಸು ಬಂದ ದಿನ ಆಗಲೇ ಹರಿದಿರುವ ಒಂದನ್ನು ತೆಗೆದುಕೊಳ್ಳಿ. ಕೆಂಪು ಬಣ್ಣ ಬಿಡುತ್ತದೆಯೇ ಅಂತ ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಒತ್ತಿ ನೋಡಿ. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ನೇಕಾರರು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಗೆರೆ ಬೆರಳಿಗೆ ತಿಳಿಯುತ್ತದೆ. ಕತ್ತರಿ ಅದರ ಈಚೆಗೇ ನಿಲ್ಲಲಿ, ತೋಪು ತೆನೆ ವಿನ್ಯಾಸದ ಸೆರಗು ಇಡಿಯಾಗಿ ನಿಮ್ಮ ಹತ್ತಿರ ಉಳಿಯಲಿ. ಒಡಲಿನ ನೂಲುಬಟ್ಟೆಯಿಂದ ಒಂದು ಚಿಕ್ಕ ಕೌದಿ ಆಗುತ್ತೆ. ಅವ್ವನ ಗುಳೇದಗುಡ್ಡ ಖಣದ ಕುಬುಸ ಯಾವುದಾದರೂ ಉಳಿದಿದ್ದರೆ, ಅದರದೊಂದು ತುಂಡು ನಡುವಿಗೆ ಹಚ್ಚಿ.