ಪ್ರತಿಕ್ರಿಯೆ: ಹೊಲದ ದುಂಡು ಗುಂಡಿ ಉಲ್ಕೆಯದಾ?

ನಾಗಮಂಗಲದ ಹತ್ತಿರ ನಿಮ್ಮ ಹೊಲದಲ್ಲಿರುವ ಮೂವತ್ತಡಿ ಅಗಲದ ದುಂಡು ಗುಂಡಿ ಉಲ್ಕೆ ಬಿದ್ದು ಆಗಿದ್ದಾ ಅಂತ ಕೇಳಿದ್ದೀರಿ. ನನಗಂತೂ ಯಾರೋ ಹಿಂದೆ ಮಣ್ಣು ತೆಗೆದ ಜಾಗ ಅನ್ನಿಸುತ್ತದೆ. ಆದರೂ ಅಂಚು ನೋಡಿ. ಉಲ್ಕೆ ಗುಂಡಿಯಾದರೆ ಸುತ್ತಲೂ ಬದುವಿನಂತೆ ಎದ್ದಿರುತ್ತದೆ, ಕೆಳಗಿನ ಪದರ ಮಗುಚಿ ಮೇಲೆ ಬಿದ್ದಿರುತ್ತದೆ. ಉಳುಮೆಯಲ್ಲಿ ಅಳಿಸಿಹೋಗಿರಲೂಬಹುದು.

ಆಯಸ್ಕಾಂತಕ್ಕೆ ಕರಿ ಮರಳು ಅಂಟಿತು ಅಂತ ಸುಮ್ನೆ ಕುಣಿಯಬೇಡಿ. ಮಳೆ ನಿಂತ ಮೇಲೆ ನಮ್ಮ ಹಳ್ಳದಲ್ಲೂ ಅದೇ ಸಿಗುತ್ತದೆ, ಅಲ್ವಾ? ಲೋಹದ ಚೂರು ಸಿಕ್ಕರೆ ಲ್ಯಾಬ್‌ನಲ್ಲಿ ನಿಕ್ಕಲ್ ಇದೆಯಾ ನೋಡಿಸಿ, ಉಲ್ಕೆಯ ಕಬ್ಬಿಣದಲ್ಲಿ ಅದು ಇರುತ್ತದೆ. ಈಜಿಪ್ಟಿನ ಕಮಿಲ್ ಅನ್ನೋ ಉಲ್ಕೆ ಗುಂಡಿ ಬರೀ 45 ಮೀಟರ್ ಅಗಲ, ಸುತ್ತ ಸಾವಿರಾರು ಕಬ್ಬಿಣದ ಚೂರು ಸಿಕ್ಕಿವೆ.

ಬೋರ್‌ವೆಲ್ ಪಾಯಿಂಟ್ ನೋಡುವವರ ರೆಸಿಸ್ಟಿವಿಟಿ ಮೀಟರ್ (ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಯಂತ್ರ) ಸಿಕ್ಕರೆ ಗುಂಡಿಗೆ ಅಡ್ಡಲಾಗಿ ಸಲಾಕೆ ನೆಟ್ಟು ಅಳೆಸಿ. ತಳದ ಬಂಡೆ ಒಡೆದು ಪುಡಿಯಾಗಿದೆಯಾ, ಗಟ್ಟಿಯಾಗೇ ಇದೆಯಾ ಅನ್ನೋ ಅಂದಾಜು ಸಿಗುತ್ತದೆ. ಮೊದಲು ಅಂಚಿನ ಫೋಟೋ ಹಾಕಿ.